ನೀರು ಬೇಕಾ, ಕುಣಿತ ಬೇಕಾ? ಮೈಸೂರು–ಮಂಡ್ಯ ಸುತ್ತ ಒಂದು ದಿನದ ತಿರುಗಾಟ

ನನ್ನ ತಮ್ಮ ಬೆಂಗಳೂರಿನಲ್ಲಿದ್ದಾನೆ. ಮೂರು ತಿಂಗಳಿಗೊಂದು ಸಲ ಫೋನ್ ಮಾಡುತ್ತಾನೆ. "ಅಕ್ಕ, ಈ ಭಾನುವಾರ ಬರ್ತಾ ಇದೀವಿ. ಮಕ್ಕಳಿಗೆ ನೀರು ಬೇಕಂತೆ. ಇವಳಿಗೆ ನಡೆಯೋಕೆ ಹಸಿರು ಜಾಗ ಬೇಕಂತೆ. ನನಗೆ ಕಂಸಾಳೆನೋ ಪಟದ ಕುಣಿತನೋ ನೋಡಬೇಕು. ಎಲ್ಲ ಒಂದೇ ದಿನ ಆಗೋ ಹಾಗೆ ಏನಾದ್ರೂ ಮಾಡು."

ಮೊದಲ ಸಲ ನಾನೂ ಹುಮ್ಮಸ್ಸಿನಲ್ಲಿ ಹೂಂ ಅಂದೆ. ಬೆಳಗ್ಗೆ ರಂಗನತಿಟ್ಟು, ಮಧ್ಯಾಹ್ನ ಸೋಮನಾಥಪುರ, ಸಂಜೆ ತಲಕಾಡು, ಕತ್ತಲಾದ ಮೇಲೆ ಕೆಆರ್‌ಎಸ್ ಕಾರಂಜಿ. ಕಾಗದದ ಮೇಲೆ ಚೆನ್ನಾಗಿಯೇ ಇತ್ತು. ತಲಕಾಡು ತಲುಪುವಾಗ ಇಬ್ಬರು ಮಕ್ಕಳು ಹಿಂದಿನ ಸೀಟಿನಲ್ಲಿ ಬಾಯಿ ಬಿಟ್ಟುಕೊಂಡು ಮಲಗಿದ್ದರು. ಅಮ್ಮ ಮಂಡಿ ನೋವು ಅಂತ ಕಾರಿನಿಂದ ಇಳಿಯಲೇ ಇಲ್ಲ. ಕೆಆರ್‌ಎಸ್ ಗೇಟಿನ ಹತ್ತಿರ ಕಾರು ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಮುಕ್ಕಾಲು ಗಂಟೆ ಹೋಯಿತು. ಕುಣಿತ? ಎಲ್ಲೂ ಸಿಗಲಿಲ್ಲ. ಅದು ಆಗಸ್ಟ್ ತಿಂಗಳು, ಎಲ್ಲಿಂದ ಸಿಗಬೇಕು?

ಆಮೇಲೆ ನನಗೆ ಅರ್ಥವಾಗಿದ್ದು ಇಷ್ಟು. ಎಲ್ಲರೂ ಮೊದಲು ಜಾಗ ಆರಿಸಿ, ಆಮೇಲೆ ದಿನ ನೋಡುತ್ತಾರೆ. ನಮ್ಮ ಸೀಮೆಯಲ್ಲಿ ಅದು ನಡೆಯುವುದಿಲ್ಲ. ಇಲ್ಲಿ ಹೊಳೆ ತುಂಬಿ ನೋಡಲು ಚೆಂದವಾಗುವುದು ಜುಲೈನಿಂದ ಅಕ್ಟೋಬರ್. ಅದೇ ಹೊತ್ತಿಗೆ ನಾಲೆಗೆ ನೀರು ಬಿಟ್ಟಿರುತ್ತಾರೆ, ಮಂಡ್ಯದ ಕಡೆ ಭತ್ತದ ನಾಟಿ ನಡೆಯುತ್ತಿರುತ್ತದೆ. ಕುಣಿಯುವವರೂ ಗದ್ದೆಯಲ್ಲಿ, ತಮಟೆ ಬಡಿಯುವವರೂ ಗದ್ದೆಯಲ್ಲಿ. ತಮಟೆ ಗೋಡೆಯ ಮೊಳೆಗೆ ನೇತಾಡುತ್ತಿರುತ್ತದೆ. ಕುಯ್ಲು ಮುಗಿದು, ಕಣದ ಕೆಲಸ ಮುಗಿದು, ಸಂಕ್ರಾಂತಿಯಲ್ಲಿ ಎತ್ತುಗಳಿಗೆ ಕಿಚ್ಚು ಹಾಯಿಸಿದ ಮೇಲೆಯೇ ಊರೂರಿನಲ್ಲಿ ಕುಣಿತ ಶುರು. ಅಲ್ಲಿಂದ ಬೇಸಿಗೆಯ ಮಾರಿಹಬ್ಬ, ಕೆಂಡ ಹಾಯುವ ಕೊಂಡದವರೆಗೂ ಒಂದಲ್ಲ ಒಂದು ಊರಿನಲ್ಲಿ ತಮಟೆ ಸದ್ದು ಇದ್ದೇ ಇರುತ್ತದೆ. ಆದರೆ ಆಗ ಹೊಳೆಯಲ್ಲಿ ಬಂಡೆ ಜಾಸ್ತಿ, ನೀರು ಕಮ್ಮಿ.

ಅಂದರೆ ನೀರು ಮತ್ತು ಜಾನಪದ ಒಂದೇ ತಿಂಗಳಲ್ಲಿ ಸಿಗುವುದು ಅಪರೂಪ. ಯಾವುದು ಮುಖ್ಯ ಅಂತ ಮೊದಲು ತೀರ್ಮಾನ ಮಾಡಿಕೊಂಡರೆ ಅರ್ಧ ಕೆಲಸ ಆದಂತೆ. ನಾನು ಓಡಾಡಿ ನೋಡಿದ ಜಾಗಗಳನ್ನೇ ಪಕ್ಕಪಕ್ಕ ಇಟ್ಟು ಹೇಳುತ್ತೇನೆ.

ಊರೊಳಗೇ ಸಾಕು ಅನ್ನುವವರಿಗೆ: ಕುಕ್ಕರಹಳ್ಳಿ, ಕಾರಂಜಿ, ಲಿಂಗಾಂಬುಧಿ

ಮೈಸೂರಿನಲ್ಲಿ ಕೆರೆ ನೋಡಲು ಪೆಟ್ರೋಲ್ ಸುಡಬೇಕಾಗಿಲ್ಲ. ಆದರೆ ಮೂರು ಕೆರೆಗಳೂ ಒಂದೇ ಥರ ಅಂದುಕೊಳ್ಳಬೇಡಿ.

ಕುಕ್ಕರಹಳ್ಳಿ ಕೆರೆ ನಡೆಯುವವರ ಕೆರೆ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಕಟ್ಟಿಸಿದ್ದು. ಸುತ್ತ ಮಣ್ಣಿನ ದಾರಿ, ನಾಲ್ಕೂವರೆ ಕಿಲೋಮೀಟರಿನ ಆಸುಪಾಸು. ಕುವೆಂಪು ವಾಯುವಿಹಾರ ಮಾಡುತ್ತಿದ್ದ ಏರಿ ಇದು. ಬೆಳಗ್ಗೆ ಆರೂವರೆಗೆ ಹೋದರೆ ಹೆಜ್ಜಾರ್ಲೆಗಳು ಹಡಗಿನ ಹಾಗೆ ನಿಧಾನಕ್ಕೆ ತೇಲುತ್ತಿರುತ್ತವೆ. ಗಂಟಲಿನ ಚೀಲ ನೀರಿಗೆ ಅದ್ದಿ ಮೀನು ಎತ್ತುವುದು ದಡದಿಂದಲೇ ಕಾಣುತ್ತದೆ. ಇಲ್ಲಿ ದೋಣಿ ಇಲ್ಲ, ಆಟದ ಸಾಮಾನಿನ ಗದ್ದಲ ಇಲ್ಲ. ಅದಕ್ಕೇ ದೊಡ್ಡವರಿಗೆ ಹಿಡಿಸುತ್ತದೆ. ಅದಕ್ಕೇ ಆರು ವರ್ಷದ ಮಗು ಅರ್ಧ ಸುತ್ತಿಗೇ "ಇನ್ನೂ ಎಷ್ಟು ದೂರ?" ಅನ್ನುತ್ತದೆ.

ಅಂಥ ಮಗು ಜೊತೆಗಿದ್ದರೆ ಕಾರಂಜಿ ಕೆರೆ. ಮೃಗಾಲಯದ ಪಕ್ಕದಲ್ಲೇ ಇದೆ. ಬಲೆ ಕಟ್ಟಿದ ದೊಡ್ಡ ಪಕ್ಷಿಧಾಮದೊಳಗೆ ನಾವೇ ನಡೆದು ಹೋಗಬಹುದು. ನವಿಲು ಕಾಲಿನ ಹತ್ತಿರವೇ ಓಡಾಡುತ್ತದೆ. ಚಿಟ್ಟೆ ಉದ್ಯಾನ ಇದೆ, ದೋಣಿ ಇದೆ. ಟಿಕೆಟ್ ಉಂಟು, ಮಂಗಳವಾರ ರಜೆ. ಮೃಗಾಲಯಕ್ಕೂ ಮಂಗಳವಾರವೇ ರಜೆ. ಎರಡನ್ನೂ ಒಂದೇ ದಿನ ಮುಗಿಸುತ್ತೇವೆ ಅನ್ನುವವರನ್ನು ಕಂಡರೆ ನನಗೆ ಕನಿಕರ. ಮೃಗಾಲಯದಲ್ಲಿ ನಡೆದು ಸುಸ್ತಾದ ಮಕ್ಕಳಿಗೆ ಕೆರೆ ಕಾಣುವುದೇ ಇಲ್ಲ, ಐಸ್‌ಕ್ರೀಂ ಗಾಡಿ ಮಾತ್ರ ಕಾಣುತ್ತದೆ.

ಲಿಂಗಾಂಬುಧಿ ಹತ್ತಿರದ ಬಡಾವಣೆಯವರ ಕೆರೆ. ಹೊರಗಿನಿಂದ ಬಂದವರು ಅದಕ್ಕೆಂದೇ ಹೋಗಬೇಕಾಗಿಲ್ಲ. ರಾಮಕೃಷ್ಣನಗರದ ಕಡೆ ನೆಂಟರ ಮನೆಯಿದ್ದರೆ ಸಂಜೆ ಒಂದು ಸುತ್ತು ಹಾಕಿ.

ಕುಕ್ಕರಹಳ್ಳಿಗೆ ಇನ್ನೊಂದು ಲಾಭ ಇದೆ. ಕೆರೆ ದಾಟಿದರೆ ಮಾನಸಗಂಗೋತ್ರಿ, ಅಲ್ಲಿ ಜಯಲಕ್ಷ್ಮೀವಿಲಾಸ ಅರಮನೆ, ಅದರೊಳಗೆ ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ. ಜೀ.ಶಂ. ಪರಮಶಿವಯ್ಯ, ಪಿ.ಆರ್. ತಿಪ್ಪೇಸ್ವಾಮಿ ಮೊದಲಾದವರು ಹಳ್ಳಿಹಳ್ಳಿ ಸುತ್ತಿ ಕೂಡಿಸಿದ ಸಾಮಾನು. ಸೋಮನ ಕುಣಿತದ ಮುಖವಾಡ, ತೊಗಲು ಗೊಂಬೆ, ಯಕ್ಷಗಾನದ ಕಿರೀಟ, ಒರಳು, ಬೀಸುಕಲ್ಲು, ಕೊಳಗ. ಕುಣಿತದ ಕಾಲ ಅಲ್ಲದ ತಿಂಗಳಲ್ಲಿ ಬಂದವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಹಳೇ ಕಟ್ಟಡ, ಆಗಾಗ ರಿಪೇರಿ ನಡೆಯುತ್ತದೆ. ತೆಗೆದಿದೆಯಾ ಅಂತ ವಿಚಾರಿಸಿಕೊಂಡೇ ಹೊರಡಿ. ಒಂದು ಸಲ ಅಮ್ಮ ಅಲ್ಲಿ ರಾಗಿಕಲ್ಲು ನೋಡಿ, "ಇದನ್ನ ಗಾಜಿನ ಪಕ್ಕ ಇಟ್ಟವ್ರಲ್ಲ, ನಮ್ಮನೇದು ಹಿತ್ತಿಲಲ್ಲಿ ಬಿದ್ದದೆ" ಅಂದಳು. ಮೊಮ್ಮಗಳಿಗೆ ಬೀಸುವ ಪದವೊಂದನ್ನು ಅಲ್ಲೇ ನಿಂತು ಹೇಳಿಕೊಟ್ಟಳು. ಕಾವಲಿನವರು ಸುಮ್ನೆ ಕೇಳುತ್ತಾ ನಿಂತಿದ್ದರು.

ಹರಿಯುವ ನೀರು: ರಂಗನತಿಟ್ಟಾ, ಬಲಮುರಿಯಾ?

ಇವೆರಡರ ನಡುವೆ ದೂರ ಕಮ್ಮಿ, ಸ್ವಭಾವ ಮಾತ್ರ ತದ್ವಿರುದ್ಧ. ಒಂದು ನೋಡುವ ನೀರು, ಇನ್ನೊಂದು ಇಳಿಯುವ ನೀರು.

ರಂಗನತಿಟ್ಟು ಶ್ರೀರಂಗಪಟ್ಟಣದ ಪಕ್ಕ. ಕಾವೇರಿಗೆ ಅಡ್ಡ ಒಡೆಯರ ಕಾಲದಲ್ಲಿ ಕಟ್ಟಿದ ಒಡ್ಡಿನಿಂದ ಆದ ಸಣ್ಣ ಸಣ್ಣ ನಡುಗಡ್ಡೆಗಳು. ಪಕ್ಷಿತಜ್ಞ ಸಲೀಂ ಅಲಿ ಬಂದು ನೋಡಿ, ಇದನ್ನು ಕಾಪಾಡಬೇಕು ಅಂದ ಮೇಲೆ 1940ರಲ್ಲಿ ಪಕ್ಷಿಧಾಮವಾಯಿತು. 2022ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ದೋಣಿಯವರು ಹುಟ್ಟು ಹಾಕುತ್ತಾ ಬಂಡೆಗಳ ಪಕ್ಕಕ್ಕೇ ಕರೆದುಕೊಂಡು ಹೋಗುತ್ತಾರೆ. ನನ್ನ ಮಗಳು ಮೊದಲ ಸಲ ಮೊಸಳೆ ನೋಡಿ, "ಅಮ್ಮ, ಅದು ಪ್ಲಾಸ್ಟಿಕ್ಕಾ?" ಅಂದಿದ್ದಳು. ಬಂಡೆಯ ಮೇಲೆ ಬಾಯಿ ತೆರೆದುಕೊಂಡು ಬಿದ್ದಿತ್ತು, ಒಂದು ಚೂರೂ ಅಲುಗಾಡುತ್ತಿರಲಿಲ್ಲ. ದೋಣಿಯವನು ಹುಟ್ಟಿನಿಂದ ದೋಣಿಯ ಅಂಚಿಗೆ ಟಕ್ ಅಂತ ಒಂದೇ ಏಟು ಹಾಕಿದ. ಪ್ಲಾಸ್ಟಿಕ್ಕು ಬಾಯಿ ಮುಚ್ಚಿಕೊಂಡು ನೀರಿಗೆ ಜಾರಿತು. ಆಮೇಲೆ ಇಡೀ ದಾರಿ ಅವಳು ನನ್ನ ಸೆರಗು ಬಿಡಲಿಲ್ಲ.

ಹಕ್ಕಿಗಳನ್ನು ನೋಡಬೇಕೆಂದರೆ ಜನವರಿ ಕೊನೆಯಿಂದ ಜೂನ್‌ವರೆಗೆ ಹೋಗಿ, ಗೂಡು ಕಟ್ಟಿ ಮರಿ ಮಾಡುವ ಕಾಲ. ಬಣ್ಣದ ಕೊಕ್ಕರೆ, ಚಮಚದಂಥ ಕೊಕ್ಕಿನವು, ಬಾಯ್ಕಳಕ. ಬಾಯ್ಕಳಕದ ಕೊಕ್ಕಿನ ನಡುವೆ ಒಂದು ಸಂದಿ ಇದೆ, ಬಾಯಿ ಮುಚ್ಚಿದರೂ ಪೂರ್ತಿ ಮುಚ್ಚುವುದಿಲ್ಲ. ಬಸವನಹುಳು ಹಿಡಿದು ತಿನ್ನಲು ಆ ಕೊಕ್ಕು. ಮಕ್ಕಳಿಗೆ ಇದನ್ನು ಮೊದಲೇ ಹೇಳಿಟ್ಟರೆ ಹುಡುಕುವ ಆಟವಾಗುತ್ತದೆ. ಬೆಳಗ್ಗೆ ಒಂಬತ್ತರೊಳಗೆ ದೋಣಿ ಹತ್ತಿ. ಹನ್ನೊಂದರ ಮೇಲೆ ಬಿಸಿಲು, ಕ್ಯೂ, ಎರಡೂ ಜಾಸ್ತಿ.

ಮಳೆಗಾಲದಲ್ಲಿ ಒಂದು ತೊಂದರೆ. ಕನ್ನಂಬಾಡಿಯಿಂದ, ಅಂದರೆ ಕೆಆರ್‌ಎಸ್ ಅಣೆಕಟ್ಟಿನಿಂದ, ಹೊಳೆಗೆ ನೀರು ಜೋರಾಗಿ ಬಿಟ್ಟರೆ ಇಲ್ಲಿ ದೋಣಿ ನಿಲ್ಲಿಸುತ್ತಾರೆ. ಅದಕ್ಕೆ ನಮ್ಮ ಕಡೆ ಒಂದು ಉಪಾಯ ಇದೆ. ಮಂಡ್ಯದವರು ಪೇಪರ್ ತೆಗೆದರೆ ಮೊದಲು ನೋಡುವುದು ಕೆಆರ್‌ಎಸ್ ನೀರಿನ ಮಟ್ಟ. ಪೂರ್ತಿ ತುಂಬಿದರೆ 124.80 ಅಡಿ. ನೀವು ಅದರ ಪಕ್ಕದ ಇನ್ನೊಂದು ಅಂಕಿ ನೋಡಿ, ಹೊರಹರಿವು. ಅದು ಹತ್ತಾರು ಸಾವಿರ ಕ್ಯೂಸೆಕ್ ಇದ್ದರೆ ರಂಗನತಿಟ್ಟು, ಬಲಮುರಿ, ಶ್ರೀರಂಗಪಟ್ಟಣದ ಸಂಗಮ ಮೂರನ್ನೂ ಬಿಟ್ಟು ಶಿವನಸಮುದ್ರದ ಕಡೆ ಕಾರು ತಿರುಗಿಸಿ. ಕಮ್ಮಿ ಇದ್ದರೆ ಹೊಳೆ ಕಡೆ ಬನ್ನಿ. ಯಾವ ಆ್ಯಪ್ಪೂ ಬೇಡ, ಆ ಒಂದು ಸಾಲು ಸಾಕು.

ಬಲಮುರಿ ಬೆಳಗೊಳದ ಹತ್ತಿರ. ಒಡ್ಡಿನ ಮೇಲಿಂದ ನೀರು ಹಾಸಿದ ಬಟ್ಟೆಯ ಹಾಗೆ ಜಾರುತ್ತದೆ. ಕೆಳಗೆ ಮಂಡಿಯುದ್ದ ನೀರಲ್ಲಿ ಜನ ಕೂತಿರುತ್ತಾರೆ. ಪಕ್ಕದಲ್ಲೇ ಎಡಮುರಿ. ಮಕ್ಕಳಿಗೆ ಇದರಷ್ಟು ಖುಷಿ ಕೊಡುವ ಜಾಗ ಇನ್ನೊಂದಿಲ್ಲ. ನನಗೆ ಇದರಷ್ಟು ದಿಗಿಲು ಹುಟ್ಟಿಸುವುದೂ ಇನ್ನೊಂದಿಲ್ಲ. ಕಾವೇರಿ ಮೇಲೆ ನೋಡಲು ಸಾಧು. ತಳದಲ್ಲಿ ಪಾಚಿ, ಮರಳು ತೆಗೆದ ಗುಂಡಿ, ಬಂಡೆಯ ಸಂದಿ. ಹೀಗೇ ಒಂದು ಹೊಳೆಯಲ್ಲಿ ನಮ್ಮ ಯಜಮಾನರು, "ಇಲ್ಲಿ ಆಳ ಇಲ್ಲ ಬಾ" ಅನ್ನುತ್ತಲೇ ಪಾಚಿ ಮೇಲೆ ಕಾಲಿಟ್ಟು ಜಾರಿದರು. ಚಪ್ಪಲಿ ಹೋಯಿತು, ಜೇಬಿನ ಫೋನ್ ಹೋಯಿತು, ಮೊಣಕೈಗೆ ನಾಲ್ಕು ಹೊಲಿಗೆ ಬಿತ್ತು. ಅದಾದ ಮೇಲೆ ನಮ್ಮ ಮನೆಯಲ್ಲಿ ಒಂದು ನಿಯಮ ಇದೆ. ಊರಿನ ಹೆಂಗಸರು ಬಟ್ಟೆ ಒಗೆಯುವ ಜಾಗದಲ್ಲಿ ಮಾತ್ರ ನೀರಿಗೆ ಇಳಿಯುವುದು. ಅವರಿಗೆ ತಳ ಗೊತ್ತಿರುತ್ತದೆ. ಮಳವಳ್ಳಿ ಕಡೆ ಕಾಡಿನ ನಡುವೆ ಕಾವೇರಿ ದಡದಲ್ಲಿರುವ ಮುತ್ತತ್ತಿಯಲ್ಲಂತೂ ನೀರಿಗೇ ಇಳಿಯಬೇಡಿ. ಕಾಡು ಚೆಂದ, ದಾರಿ ಚೆಂದ, ಹೊಳೆ ಮಾತ್ರ ನಂಬುವಂಥದ್ದಲ್ಲ.

ಕೆಆರ್‌ಎಸ್ ಮತ್ತು ತೊಣ್ಣೂರು

ಇದು ಹೇಳಿದರೆ ಕೆಲವರಿಗೆ ಬೇಜಾರಾಗಬಹುದು. ನೀರು ನೋಡಲು ಕೆಆರ್‌ಎಸ್‌ಗೆ ಹೋಗಬೇಡಿ. ಬೃಂದಾವನ ಇರುವುದು ಅಣೆಕಟ್ಟಿನ ಬುಡದಲ್ಲಿ. 49 ಟಿಎಂಸಿಗೂ ಜಾಸ್ತಿ ನೀರು ಗೋಡೆಯ ಆಚೆ ನಿಂತಿರುತ್ತದೆ, ನೀವು ಈಚೆ ಕಾರಂಜಿ ನೋಡುತ್ತಿರುತ್ತೀರಿ. ಅಣೆಕಟ್ಟು ದೊಡ್ಡ ಸಾಹಸವೇ, ಎರಡು ಮಾತಿಲ್ಲ. 1911ರಲ್ಲಿ ಕೆಲಸ ಶುರುವಾಗಿ ಮುಗಿಯಲು ಇಪ್ಪತ್ತು ವರ್ಷ ಹಿಡಿಯಿತು. ವಿಶ್ವೇಶ್ವರಯ್ಯನವರ ಯೋಜನೆ, ಸಿಮೆಂಟಿನ ಬದಲು ಇಟ್ಟಿಗೆ ಪುಡಿ, ಸುಣ್ಣದ ಸುರ್ಕಿ ಗಾರೆ. ತೋಟ ಮಾಡಿಸಿದ್ದು ದಿವಾನ್ ಮಿರ್ಜಾ ಇಸ್ಮಾಯಿಲ್. ಸಂಜೆ ದೀಪ ಹತ್ತಿದಾಗ ಮೊದಲ ಸಲ ನೋಡುವವರಿಗೆ ಖಂಡಿತ ಹಿಡಿಸುತ್ತದೆ. ಆದರೆ ನಡೆಯುವುದು ಜಾಸ್ತಿ, ಮೆಟ್ಟಿಲು ಜಾಸ್ತಿ, ಭಾನುವಾರ ಜನ ಇನ್ನೂ ಜಾಸ್ತಿ. ಮಂಡಿ ನೋವಿನವರನ್ನು ಕರೆದುಕೊಂಡು ಹೋಗುವುದಾದರೆ ವಾರದ ನಡುವೆ ಹೋಗಿ.

ಬರೀ ನೀರು ಬೇಕಾ? ಪಾಂಡವಪುರ ದಾಟಿ ತೊಣ್ಣೂರು ಕೆರೆಗೆ ಹೋಗಿ. ಎರಡು ಕಡೆ ಬಂಡೆಗುಡ್ಡ, ನಡುವೆ ಕಣ್ಣು ಹಾಯಿಸಿದಷ್ಟೂ ನೀರು. ರಾಮಾನುಜಾಚಾರ್ಯರ ಕಾಲದ ಕೆರೆ ಅನ್ನುವುದು ಊರವರ ನಂಬಿಕೆ. ಮೋತಿ ತಲಾಬ್ ಅಂತ ಇನ್ನೊಂದು ಹೆಸರು, ಮುತ್ತಿನ ಕೆರೆ ಅಂತ. ಬೆಳಗಿನ ಬಿಸಿಲಲ್ಲಿ ದಡದ ಕಲ್ಲುಗಳು ನೀರಿನೊಳಗೂ ಕಾಣುತ್ತವೆ, ಆಗ ಆ ಹೆಸರು ಯಾಕೆ ಬಂತು ಅಂತ ಗೊತ್ತಾಗುತ್ತದೆ. ಏರಿಯ ಹತ್ತಿರ ಆಳ, ಮಕ್ಕಳ ಕೈ ಬಿಡಬೇಡಿ. ಊರೊಳಗೆ ನಂಬಿನಾರಾಯಣ ದೇವಸ್ಥಾನ ಇದೆ, ತಂಪಾದ ಕಲ್ಲಿನ ಮಂಟಪ. ಅಮ್ಮನಿಗೆ ಅಲ್ಲಿ ಕೂರಲು ಇಷ್ಟ.

ತೊಣ್ಣೂರಿನ ನಿಜವಾದ ಲಾಭ ಅಂದರೆ ಅದು ಮೇಲುಕೋಟೆಯ ದಾರಿಯಲ್ಲಿದೆ. ಬೆಳಗ್ಗೆ ಕೆರೆ, ಮಧ್ಯಾಹ್ನ ಮೇಲುಕೋಟೆಯ ಪುಳಿಯೋಗರೆ, ಸಂಜೆ ಕಲ್ಯಾಣಿಯ ಮೆಟ್ಟಿಲು. ನಡಿಗೆ ಬೇಕಾದವರಿಗೆ ರಾಯಗೋಪುರ, ಅಕ್ಕ ತಂಗಿ ಕೊಳ, ಯೋಗನರಸಿಂಹನ ಬೆಟ್ಟ. ಸುತ್ತಲಿನ ಕುರುಚಲು ಕಾಡು ತೋಳಗಳಿಗೆಂದು 1974ರಲ್ಲಿ ಮಾಡಿದ ವನ್ಯಧಾಮ. ತೋಳ ಕಾಣುತ್ತದೆ ಅಂತ ಮಕ್ಕಳಿಗೆ ಆಸೆ ಹುಟ್ಟಿಸಬೇಡಿ, ನವಿಲು ಸಾಕು. ವೈರಮುಡಿ ಉತ್ಸವದ ರಾತ್ರಿ ಮಾತ್ರ ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಹೋಗುವ ಜಾಗ ಅಲ್ಲ. ಮಂಡ್ಯದ ಖಜಾನೆಯಿಂದ ವಜ್ರದ ಕಿರೀಟ ಬರುವ ದಾರಿಯಲ್ಲಿ ಒಂದು ಹಳ್ಳಿಯಲ್ಲಿ ನಿಂತು ನೋಡಿ. ಹೆಚ್ಚು ನೆಮ್ಮದಿ.

ದಾರಿಯಲ್ಲಿ ಹೊಗೆ ಕಂಡರೆ ಕಾರು ನಿಲ್ಲಿಸಿ. ಅದು ಆಲೆಮನೆ. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿದು ಪಾಕಕ್ಕೆ ಬರುವ ಹೊತ್ತಾದರೆ ಕೇಳಬೇಕಾಗಿಯೂ ಇಲ್ಲ, ಎಲೆಯ ಮೇಲೋ ಕಬ್ಬಿನ ತುಂಡಿನ ತುದಿಗೋ ಒಂದಿಷ್ಟು ಬಿಸಿ ಬೆಲ್ಲ ಹಚ್ಚಿ ಕೊಡುತ್ತಾರೆ. ನನ್ನ ತಮ್ಮನ ಮಗ ಯಾವ ದೇವಸ್ಥಾನವನ್ನೂ ನೆನಪಿಟ್ಟಿಲ್ಲ, ನಾಲಿಗೆ ಸುಟ್ಟುಕೊಂಡ ಆ ಬೆಲ್ಲ ನೆನಪಿದೆ.

ಧುಮುಕುವ ನೀರು ಮತ್ತು ಮರಳು: ಶಿವನಸಮುದ್ರ, ತಲಕಾಡು

ಜುಲೈನಿಂದ ಅಕ್ಟೋಬರ್‌ವರೆಗೆ ಶಿವನಸಮುದ್ರ. ಉಳಿದ ತಿಂಗಳಲ್ಲಿ ತಲಕಾಡು. ಇದರಲ್ಲಿ ಯೋಚನೆ ಮಾಡುವಂಥದ್ದು ಏನಿಲ್ಲ.

ಗಗನಚುಕ್ಕಿ ಮಳವಳ್ಳಿ ಕಡೆಯಿಂದ ದೂರದಲ್ಲಿ ನಿಂತು ನೋಡುವುದು. ಭರಚುಕ್ಕಿ ಹೊಳೆಯ ಆಚೆ, ಚಾಮರಾಜನಗರ ಜಿಲ್ಲೆ, ಕಾರಿನಲ್ಲಿ ಸುತ್ತಿ ಹೋಗಬೇಕು. ಗಗನಚುಕ್ಕಿ ಎತ್ತರ, ಭರಚುಕ್ಕಿ ಅಗಲ. ಒಂದೇ ನೋಡಲು ಸಮಯವಿದ್ದರೆ ನನ್ನ ಮಟ್ಟಿಗೆ ಭರಚುಕ್ಕಿ. ಹನಿ ಮುಖಕ್ಕೆ ಬಡಿಯುತ್ತದೆ, ಸದ್ದು ಎದೆಗೆ ಬಡಿಯುತ್ತದೆ. ವಯಸ್ಸಾದವರಿಗೆ ಗಗನಚುಕ್ಕಿಯೇ ಸುಲಭ. 1902ರಲ್ಲಿ ಇಲ್ಲಿಂದಲೇ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋಯಿತು. ಆ ಕಥೆ ಹೇಳಿದರೆ ಹೈಸ್ಕೂಲು ಮಕ್ಕಳು ಫೋನಿನಿಂದ ತಲೆ ಎತ್ತುತ್ತಾರೆ, ಎರಡು ನಿಮಿಷದ ಮಟ್ಟಿಗಾದರೂ.

ತಲಕಾಡಿನಲ್ಲಿ ಚಳಿಗಾಲದ ಹೊಳೆ ತೆಳ್ಳಗೆ, ಮರಳಿನ ದಡ ಅಗಲ. ತೆಪ್ಪ ಸಿಗುತ್ತದೆ. ತೆಪ್ಪದವನು ಗಿರಗಿರ ತಿರುಗಿಸಿದರೆ ಮಕ್ಕಳು ಕೂಗುತ್ತಾರೆ, ದೊಡ್ಡವರು ಕಣ್ಣು ಮುಚ್ಚುತ್ತಾರೆ. ಮರಳಿನಲ್ಲಿ ಹೂತ ದೇವಸ್ಥಾನಗಳಿಗೆ ನಡೆಯುವುದು ಬೆಳಗ್ಗೆ ಹತ್ತರೊಳಗೆ ಆಗಬೇಕು, ಆಮೇಲೆ ಮರಳು ಕಾಯುತ್ತದೆ. "ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ" ಅನ್ನುವ ಅಲಮೇಲಮ್ಮನ ಶಾಪ ಮಕ್ಕಳಿಗೆ ಆ ಮರಳಿನ ಮೇಲೇ ಕೂತು ಹೇಳಿ. ಮನೆಯಲ್ಲಿ ಹೇಳಿದರೆ ಅದು ಪಾಠ, ಅಲ್ಲಿ ಹೇಳಿದರೆ ಕಥೆ. ಬರುವಾಗ ಸೋಮನಾಥಪುರ ಸಿಗುತ್ತದೆ, 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ಯುನೆಸ್ಕೋ ಪಟ್ಟಿ ಸೇರಿದ ದೇವಸ್ಥಾನ. ಸುಸ್ತಾಗಿದ್ದರೆ ಅದನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ, ಕಲ್ಲು ಎಲ್ಲೂ ಓಡಿ ಹೋಗುವುದಿಲ್ಲ.

ಕಬಿನಿ ಹಿನ್ನೀರಿನ ರೆಸಾರ್ಟುಗಳ ಬಗ್ಗೆ ಕೇಳುತ್ತಾರೆ. ಒಂದು ರಾತ್ರಿ ಉಳಿಯುವ ಯೋಚನೆ ಮತ್ತು ಅದಕ್ಕೆ ತಕ್ಕ ದುಡ್ಡು ಎರಡೂ ಇದ್ದರೆ ಹೋಗಿ. ಒಂದು ದಿನದ ಓಡಾಟಕ್ಕೆ ಅದು ಸರಿಹೋಗುವುದಿಲ್ಲ.

ಕುಣಿತ ನೋಡಲೇಬೇಕು ಅಂದರೆ

ಇಲ್ಲಿ ದಾರಿ ಮೂರು: ಊರ ಹಬ್ಬ, ಜಾತ್ರೆ, ದಸರಾ. ನಾಲ್ಕನೆಯದು ರೆಸಾರ್ಟಿನ ಕ್ಯಾಂಪ್‌ಫೈರ್ ಪಕ್ಕ ಇಪ್ಪತ್ತು ನಿಮಿಷ ಕುಣಿಸುವುದು. ಅದನ್ನು ಹೀಗಳೆಯುವುದಿಲ್ಲ, ಕಲಾವಿದರ ಕೈಗೆ ನಾಲ್ಕು ಕಾಸು ಬರುತ್ತದೆ. ಆದರೆ ಅದು ಫ್ರಿಜ್ಜಿನಿಂದ ತೆಗೆದು ಬಿಸಿ ಮಾಡಿದ ಉಪ್ಸಾರು. ಹೊಟ್ಟೆ ತುಂಬುತ್ತದೆ, ಅಷ್ಟೇ.

ದಸರಾ ಸುಲಭದ ದಾರಿ. ಜಂಬೂಸವಾರಿಯಲ್ಲಿ ಡೊಳ್ಳು, ವೀರಗಾಸೆ, ಪೂಜಾ ಕುಣಿತ, ಗೊರವರ ಕುಣಿತ, ಕಂಸಾಳೆ ಎಲ್ಲವೂ ಕಣ್ಣ ಮುಂದೆ ಸಾಗುತ್ತವೆ. ಹೊಳೆಯಲ್ಲೂ ಆಗ ಇನ್ನೂ ನೀರಿರುತ್ತದೆ, ನೀರು ಮತ್ತು ಕುಣಿತ ಒಟ್ಟಿಗೆ ಸಿಗುವ ಅಪರೂಪದ ಹೊತ್ತು ಅದು. ತೊಂದರೆ ಅಂದರೆ ಪ್ರತಿ ತಂಡ ನಿಮ್ಮ ಮುಂದೆ ಇರುವುದು ಒಂದೆರಡು ನಿಮಿಷ, ಅದಕ್ಕಾಗಿ ಬಿಸಿಲಲ್ಲಿ ಕಾಯುವುದು ನಾಲ್ಕೈದು ಗಂಟೆ. ಚಿಕ್ಕ ಮಕ್ಕಳಿದ್ದರೆ ಮೆರವಣಿಗೆ ಟಿವಿಯಲ್ಲಿ ನೋಡಿ. ಅದರ ಬದಲು ನವರಾತ್ರಿಯ ಬೇರೆ ಸಂಜೆಗಳಲ್ಲಿ ಊರೊಳಗಿನ ವೇದಿಕೆಗಳಿಗೆ ಹೋಗಿ, ಇಲ್ಲವೇ ಶ್ರೀರಂಗಪಟ್ಟಣ ದಸರಾಗೆ ಹೋಗಿ. ಕಿರಂಗೂರಿನ ಬನ್ನಿಮಂಟಪದಿಂದ ಹೊರಡುವ ಆ ಮೆರವಣಿಗೆ ಚಿಕ್ಕದು, ಹತ್ತಿರದಿಂದ ಕಾಣುತ್ತದೆ. ಮಾರನೇ ಬೆಳಗ್ಗೆ ಸಂಗಮ, ನಿಮಿಷಾಂಬ ಮುಗಿಸಿ ಬರಬಹುದು.

ಜಾತ್ರೆಗಳಲ್ಲಿ ನನ್ನ ಮೊದಲ ಆಯ್ಕೆ ಸುತ್ತೂರು. ನಂಜನಗೂಡು ತಾಲೂಕು, ಕಪಿಲೆಯ ದಡ, ಜನವರಿ–ಫೆಬ್ರವರಿಯ ಹೊತ್ತಿಗೆ ಹಲವು ದಿನ ನಡೆಯುತ್ತದೆ. ಜಾನಪದ ತಂಡಗಳು, ಭಜನೆ, ಕುಸ್ತಿ, ದೇಸಿ ಆಟ, ತೆಪ್ಪೋತ್ಸವ, ಬಂದವರಿಗೆಲ್ಲ ಊಟ. ದೊಡ್ಡ ಕುಟುಂಬ ಕಟ್ಟಿಕೊಂಡು ಹೋಗುವವರಿಗೆ ಇದರಷ್ಟು ಅಚ್ಚುಕಟ್ಟಿನ ಜಾತ್ರೆ ಕಮ್ಮಿ. ತಲಕಾಡಿನ ಹತ್ತಿರದ ಮುಡುಕುತೊರೆ ಜಾತ್ರೆ ಇನ್ನೂ ಒರಟು, ದನ, ಧೂಳು, ಕಡಲೆಪುರಿ. ಹೊಳೆ ಪಕ್ಕದಲ್ಲೇ ಇದೆ. ನನ್ನ ತಮ್ಮನಿಗೆ ಅದು ಇಷ್ಟ, ಅವನ ಹೆಂಡತಿಗೆ ಸುತ್ತೂರು ಇಷ್ಟ. ಮಂಟೇಸ್ವಾಮಿ ಪರಂಪರೆಯ ಹಾಡುಗಾರರಾದ ನೀಲಗಾರರ ಪದ ಕೇಳಬೇಕು, ಮಂಟೇಸ್ವಾಮಿ, ಸಿದ್ದಪ್ಪಾಜಿ ಕಥೆ ರಾತ್ರಿಯಿಡೀ ಕೇಳಬೇಕು ಅನ್ನುವವರು ಕೊಳ್ಳೇಗಾಲದ ಕಡೆಯ ಚಿಕ್ಕಲ್ಲೂರು ಜಾತ್ರೆಯ ದಾರಿ ಹಿಡಿಯುತ್ತಾರೆ. ಅದು ಕುಟುಂಬದ ಪಿಕ್‌ನಿಕ್ ಅಲ್ಲ. ಕೇಳುವ ಹಸಿವಿದ್ದವರು ಹೋಗುವ ಜಾಗ.

ಊರ ಹಬ್ಬದ ಮಾತೇ ಬೇರೆ. ಹೋದ ಬೇಸಿಗೆ ನಮ್ಮೂರ ಹಬ್ಬದಲ್ಲಿ ಪೂಜಾ ಕುಣಿತ. ಬಿದಿರಿನ ಚೌಕಟ್ಟಿಗೆ ಸೀರೆ ನೆರಿಗೆ ಕಟ್ಟಿ, ನಡುವೆ ದೇವಿಯ ಮುಖ, ಮೇಲೆ ಹೂವು. ಈ ಚೌಕಟ್ಟಿಗೇ 'ಪೂಜೆ' ಅನ್ನುವುದು. ಅದನ್ನು ತಲೆಯ ಮೇಲೆ ಹೊರುವ ಮುಂಚೆ ಕುಣಿಯುವವನು ತಲೆಗೆ ಬಟ್ಟೆ ಸುತ್ತಿ ಸಿಂಬಿ ಮಾಡಿಕೊಂಡ. ಎರಡು ಸಲ ಬಿಚ್ಚಿದ, ಮತ್ತೆ ಸುತ್ತಿದ. ಹಗಲು ಹೊತ್ತು ಅವನು ನಾಲೆ ಪಕ್ಕ ಟ್ರ್ಯಾಕ್ಟರ್ ಓಡಿಸುವವನು. ತಮಟೆ ಮೆಲ್ಲಗೆ ಶುರುವಾಯಿತು. ಅವನು ಬರೀ ಕತ್ತಿನಲ್ಲಿ ಪೂಜೆಯನ್ನು ಎಡಕ್ಕೂ ಬಲಕ್ಕೂ ತೂಗಿದ, ಕೈ ಎರಡೂ ಗಾಳಿಯಲ್ಲಿ. ತಮಟೆ ಬಿರುಸಾದ ಹಾಗೆ ಮಂಡಿ ಬಗ್ಗಿತು, ಆಮೇಲೆ ಕೂತ, ಆಮೇಲೆ ನೆಲಕ್ಕೆ ಬೆನ್ನು ತಾಗುವಷ್ಟು ಬಾಗಿದ. ಪೂಜೆ ತಲೆಯ ಮೇಲೆ ನೆಟ್ಟಗೆ ನಿಂತಿತ್ತು. ನನ್ನ ಮಗಳು ಉಸಿರು ಬಿಡಲು ಮರೆತಿದ್ದಳು. ಕುಣಿತ ಮುಗಿದು ಪೂಜೆ ಇಳಿಸಿದಾಗ ಅವನ ಸಿಂಬಿ ಹಿಂಡಿದರೆ ನೀರು ಸುರಿಯುವಷ್ಟು ಒದ್ದೆ. ಯಾರೋ ಒಬ್ಬ ಅಜ್ಜ, "ಕತ್ತು ನೆಟ್ಟಗಿಟ್ಕೊಂಡ ಕನಾ" ಅಂದರು. ಅದೇ ದೊಡ್ಡ ಮೆಚ್ಚುಗೆ.

ಇದನ್ನು ಟಿಕೆಟ್ ಕೊಟ್ಟು ನೋಡಲು ಆಗುವುದಿಲ್ಲ, ಒಬ್ಬ ನೆಂಟನೋ ಸ್ನೇಹಿತನೋ ಕರೆಯಬೇಕು. ನಮ್ಮ ಕಡೆಯವರು ಆಫೀಸಿನಲ್ಲಿ, ಪಕ್ಕದ ಮನೆಯಲ್ಲಿ ಇದ್ದೇ ಇರುತ್ತಾರೆ. "ನಿಮ್ಮೂರ ಹಬ್ಬಕ್ಕೆ ಕರೀರಿ" ಅಂತ ಬಾಯಿ ಬಿಟ್ಟು ಕೇಳಿದರೆ ಬೇಡ ಅನ್ನುವವರಿಲ್ಲ, ಊಟ ಬೇರೆ ಹಾಕಿ ಕಳಿಸುತ್ತಾರೆ. ಹೋದಾಗ ಕುಣಿಯುವವರ ಮುಖಕ್ಕೆ ಫೋನ್ ಹಿಡಿಯಬೇಡಿ, ಒಂದು ಮಾತು ಕೇಳಿ. ತಂಡದ ಕೈಗೆ ಇನ್ನೂರೋ ಐನೂರೋ ಇಡಿ. ದೇವಿ ಮೈಮೇಲೆ ಬಂದವರ ಹತ್ತಿರ ಮಕ್ಕಳನ್ನು ನಿಲ್ಲಿಸಬೇಡಿ, ಹೆದರುತ್ತಾರೆ.

ಕಾರಿನಲ್ಲಿ ಯಾರಿದ್ದಾರೆ?

ಐದು ವರ್ಷದೊಳಗಿನ ಮಗು ಇದ್ದರೆ ಕಾರಂಜಿ ಕೆರೆ, ಅರ್ಧ ದಿನ, ಮನೆಗೆ ಬಂದು ಊಟ. ಮಂಡಿ ನೋವಿನವರಿದ್ದರೆ ತೊಣ್ಣೂರು ಅಥವಾ ರಂಗನತಿಟ್ಟು, ಎರಡು ಕಡೆಯೂ ಕೂತೇ ನೋಡಬಹುದು. ಹದಿಹರೆಯದವರಿಗೆ ಭರಚುಕ್ಕಿ. ಹಕ್ಕಿ ಹುಚ್ಚಿನವರನ್ನು ಮದ್ದೂರಿನ ಹತ್ತಿರದ ಕೊಕ್ಕರೆ ಬೆಳ್ಳೂರಿಗೆ ಬಿಟ್ಟು ಬನ್ನಿ. ಅಲ್ಲಿ ಹೆಜ್ಜಾರ್ಲೆಗಳು ಮನೆಯ ಮುಂದಿನ ಹುಣಸೆಮರದಲ್ಲೇ ಗೂಡು ಕಟ್ಟುತ್ತವೆ. ಊರವರು ಅವನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳ ಹಾಗೆ ನೋಡಿಕೊಳ್ಳುತ್ತಾರೆ. ದಾರಿಯಲ್ಲಿ ಮದ್ದೂರು ವಡೆ ಇದ್ದೇ ಇದೆ.

ಊಟದ ಬುತ್ತಿ ಮನೆಯಿಂದ ಕಟ್ಟಿಕೊಂಡು ಹೋಗುವುದು ಒಳ್ಳೆಯದು. ಚಿತ್ರಾನ್ನ, ಮೊಸರನ್ನ, ಒಂದು ಡಬ್ಬ ಕೋಡುಬಳೆ. ಹೊಳೆ ದಡದಲ್ಲಿ ಮೀನು ಕರಿಯುವ ವಾಸನೆ ಬಂದರೆ ಮಾತ್ರ ಬುತ್ತಿಯ ಮಾತು ಎತ್ತಬೇಡಿ, ಯಾರೂ ಕೇಳುವುದಿಲ್ಲ.

ಮೊನ್ನೆ ತಮ್ಮ ಮತ್ತೆ ಫೋನ್ ಮಾಡಿದ್ದ. ಈ ಸಲ ಜಾಗದ ಮಾತೇ ಎತ್ತಲಿಲ್ಲ. "ಅಕ್ಕ, ಊರಲ್ಲಿ ಹಬ್ಬದ ಸಾರು ಹಾಕಿದ್ರಾ?" ಅಂದ. ಇನ್ನೂ ಇಲ್ಲ ಅಂದೆ. ಯಜಮಾನರೆಲ್ಲ ಕೂತು ದಿನ ಗೊತ್ತು ಮಾಡಬೇಕು, ತಮಟೆ ಹೊಡೆದು ಬೀದಿಬೀದಿಯಲ್ಲಿ ಸಾರಬೇಕು. "ಸಾರಿದ ದಿನವೇ ಹೇಳು, ರಜಾ ಹಾಕ್ಬೇಕು" ಅಂದ. ಹಿಂದಿನಿಂದ ಅವನ ಮಗ, "ಬೆಲ್ಲ ಇರುತ್ತಾ ಅತ್ತೆ?" ಅಂತ ಕೂಗುತ್ತಿದ್ದ.